ಥೈಲಿ ಯಾರ ಕೈಯಲ್ಲಿ, ಕುರ್ಚಿ ಯಾರ ಪಾಲಿಗೆ?

ಕೊಪ್ಪ ಅಂದ ತಕ್ಷಣ ನಿಮ್ಮಲ್ಲಿ ಬಹಳ ಜನಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ನೆನಪಾಗುತ್ತೆ. ಇವತ್ತು ನಾನು ಹೇಳೋಕೆ ಹೊರಟಿರೋದು ಆ ಕೊಪ್ಪದ ವಿಚಾರ ಅಲ್ಲ. ಮೈಸೂರಿನಿಂದ ಮಡಿಕೇರಿ ಕಡೆ ಹೋಗ್ತಾ ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಬೈಲಕುಪ್ಪೆ ಕಳೆದ ಮೇಲೆ, ಕಾವೇರಿ ಸೇತುವೆಗೆ ಮುಂಚೆ ಇನ್ನೊಂದು ಕೊಪ್ಪ ಸಿಗುತ್ತೆ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಸೇತುವೆಯ ಈಚೆ ಮೈಸೂರು ಜಿಲ್ಲೆ, ಆಚೆ ಕುಶಾಲನಗರ, ಕೊಡಗು ಜಿಲ್ಲೆ. ಸಂತೆಗೆ, ಔಷಧಿಗೆ, ಮಕ್ಕಳ ಬಟ್ಟೆಗೆ ಸೇತುವೆ ದಾಟಿದರೆ ಸಾಕು. ಆದರೆ ಕೋರ್ಟು ಅಂತ ಬಂದರೆ ಬೆನ್ನು ತಿರುಗಿಸಿ ಪಿರಿಯಾಪಟ್ಟಣದ ಬಸ್ಸು ಹತ್ತಬೇಕು. ಹೊಳೆ ಆಚೆಯ ಕೋರ್ಟು ಬೇರೆ ಜಿಲ್ಲೆಯದು.

ಈಗ ಒಂದು ಪ್ರಶ್ನೆ. ಈ ಕೊಪ್ಪದಲ್ಲಿ ಕೂಲಿಗೆ ಹೋಗೋ ಒಬ್ಬ ಹೆಣ್ಣುಮಗಳಿಗೆ ಗಂಡನ ಮನೆಯವರ ಮೇಲೆ ಜೀವನಾಂಶದ ಕೇಸು ಹಾಕಬೇಕಾಗಿದೆ ಅಂತ ಇಟ್ಕೊಳ್ಳಿ. ವಕೀಲರ ಫೀಸಿಗೆ ದುಡ್ಡಿಲ್ಲ. ಅವಳಿಗೆ ವಕೀಲರನ್ನ ಕೊಡೋರು ಯಾರು? ಅದಕ್ಕೆ ದುಡ್ಡು ಎಲ್ಲಿಂದ ಬರುತ್ತೆ? ಆ ದುಡ್ಡಿನ ಥೈಲಿ ಯಾರ ಕೈಯಲ್ಲಿದೆ? ಥೈಲಿ ಬಿಚ್ಚೋ ಮೇಜಿನ ಸುತ್ತ ಎಷ್ಟು ಕುರ್ಚಿಗಳಿವೆ, ಅದರಲ್ಲಿ ಅವಳಂಥವರಿಗೆ ಒಂದಾದರೂ ಇದೆಯಾ?

ಮೊದಲ ಮೂರು ಪ್ರಶ್ನೆಗಳಿಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಇದೆ. ನಾಲ್ಕನೇ ಪ್ರಶ್ನೆಯನ್ನ ಕೇಳಿದವರು ಕಡಿಮೆ. ಇವತ್ತಿನ ಮಾತೆಲ್ಲ ಆ ನಾಲ್ಕನೇ ಪ್ರಶ್ನೆಯ ಸುತ್ತಲೇ.

ಇದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ದೂರ ಏನಿಲ್ಲ, ಕೊಪ್ಪದಿಂದ ಹುಣಸೂರಿಗೆ ಹೋದರೆ ಸಾಕು.

ಹುಣಸೂರು ಅಂದರೆ ದೇವರಾಜ ಅರಸು. 1952ರಿಂದ ಅಲ್ಲಿಂದಲೇ ಶಾಸಕರಾದವರು, 1972ರಲ್ಲಿ ಮುಖ್ಯಮಂತ್ರಿ ಆದವರು. ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಆ ದಿನ ಸರ್ಕಾರದ ವಶಕ್ಕೆ ಬಂತು. ಉಳುವವನು ಫಾರಂ ನಂಬರ್ 7 ತುಂಬಿ, ಇದು ನಾನು ಉಳುತ್ತಿದ್ದ ಭೂಮಿ ಅಂತ ಅರ್ಜಿ ಹಾಕಬೇಕು. ಅರ್ಜಿ ತೀರ್ಮಾನ ಮಾಡೋಕೆ ಸಿವಿಲ್ ಕೋರ್ಟು ಬೇಡ, ತಾಲ್ಲೂಕಿಗೆ ಭೂ ನ್ಯಾಯಮಂಡಳಿ ಇರಲಿ ಅಂತ ಕಾನೂನು ಹೇಳಿತು.

ಆ ನ್ಯಾಯಮಂಡಳಿಯಲ್ಲಿ ಯಾರು ಕೂರ್ತಿದ್ದರು ಅನ್ನೋದನ್ನ ಸ್ವಲ್ಪ ಗಮನಿಸಿ. ಅಧ್ಯಕ್ಷರು ಉಪವಿಭಾಗಾಧಿಕಾರಿ, ಅಂದರೆ ನಾವೆಲ್ಲ ಎಸಿ ಸಾಹೇಬ್ರು ಅಂತ ಕರೆಯೋರು. ಅವರ ಜೊತೆ ಸರ್ಕಾರ ನೇಮಿಸಿದ ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿರಲೇಬೇಕು. ಇದು ಕಾನೂನಿನಲ್ಲೇ ಬರೆದಿದ್ದ ಮಾತು. ತೀರ್ಪು ಕೊಡೋ ಮೇಜಿನಲ್ಲಿ ಒಂದು ಕುರ್ಚಿ ಅಷ್ಟು ದಿನ ಬಾಗಿಲ ಹೊರಗೆ ನಿಂತವರ ಪಾಲಿಗೆ ಬಂತು.

ಇನ್ನೊಂದು ಸಾಲೂ ಇತ್ತು. 48ನೇ ಕಲಮಿನ 8ನೇ ಉಪಕಲಮು. ಈ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವ ಹಾಗಿಲ್ಲ! ಇದರ ಹಿಂದಿನ ಲೆಕ್ಕಾಚಾರ ಸುಲಭವಾಗಿ ಅರ್ಥ ಆಗುತ್ತೆ. ಭೂಮಾಲೀಕ ಮೈಸೂರಿನಿಂದ ದೊಡ್ಡ ವಕೀಲರನ್ನ ಕರ್ಕೊಂಡು ಬರ್ತಾನೆ, ಗೇಣಿದಾರ ಟವಲ್ಲು ಕಂಕುಳಲ್ಲಿಟ್ಟುಕೊಂಡು ಒಬ್ಬನೇ ನಿಂತಿರ್ತಾನೆ. ಇಬ್ಬರಿಗೂ ವಕೀಲರನ್ನ ಕೊಡೋಕೆ ಆಗಲ್ಲ ಅಂದ್ರೆ ಇಬ್ಬರಿಗೂ ಬೇಡ. ತಕ್ಕಡಿ ಸಮ ಮಾಡೋಕೆ ಭಾರ ಇರೋ ಕಡೆಯಿಂದ ಕಲ್ಲು ತೆಗೆಯೋ ಉಪಾಯ ಇದು.

ಆದರೆ ಆ ಉಪಾಯಕ್ಕೆ ಒಂದು ತೂತಿತ್ತು. ನ್ಯಾಯಮಂಡಳಿಯ ತೀರ್ಮಾನವೇ ಅಂತಿಮ ಅಂತ ಕಾನೂನು ಹೇಳಿತ್ತು, ಸಾಮಾನ್ಯ ಮೇಲ್ಮನವಿಗೆ ಅವಕಾಶ ಇರಲಿಲ್ಲ. ಸೋತವನಿಗೆ ಉಳಿದ ದಾರಿ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಹೈಕೋರ್ಟಿನಲ್ಲಿ ವಕೀಲರಿಗೆ ಯಾರೂ ಬೇಡ ಅನ್ನೋ ಹಾಗಿರಲಿಲ್ಲ. ಹಾಗಾಗಿ ಹುಣಸೂರಿನಲ್ಲಿ ಸಮವಾಗಿ ನಿಂತಿದ್ದ ತಕ್ಕಡಿ ಬೆಂಗಳೂರಿಗೆ ಹೋದ ತಕ್ಷಣ ಮತ್ತೆ ವಾಲಿತು. ದುಡ್ಡಿದ್ದವನು ರಿಟ್ ಹಾಕಿದ. ಉಳುತ್ತಿದ್ದವನು ನೋಟಿಸು ಹಿಡ್ಕೊಂಡು, ಇದರಲ್ಲಿ ಏನು ಬರೆದಿದೆ ಅಂತ ಯಾರನ್ನ ಕೇಳೋದು ಅಂತ ನಿಂತ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ವಕೀಲರನ್ನ ತೆಗೆದುಹಾಕಿ ಸಮಾನತೆ ತರಬಹುದಾ, ಅಥವಾ ವಕೀಲರಿಲ್ಲದವನಿಗೆ ವಕೀಲರನ್ನ ಕೊಟ್ಟು ತರಬೇಕಾ? ಹುಣಸೂರಿನವರು ಮೊದಲನೇ ದಾರಿ ಹಿಡಿದಿದ್ದ ಅದೇ ಕಾಲದಲ್ಲಿ ದೆಹಲಿಯಲ್ಲಿ ಎರಡನೇ ದಾರಿಯ ಬಗ್ಗೆ ಚರ್ಚೆ ನಡೀತಾ ಇತ್ತು.

1972ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1973ರಲ್ಲಿ ವರದಿ ಬಂತು. ಅದಕ್ಕೂ ಮುಂಚೆ ಗುಜರಾತಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಸಮಿತಿ ಇದೇ ಕೆಲಸ ಮಾಡಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಆಯಿತು. ತುರ್ತು ಪರಿಸ್ಥಿತಿಯ ಕಾಲದ ತಿದ್ದುಪಡಿ ಅಂತ ಇದಕ್ಕೆ ಕೆಟ್ಟ ಹೆಸರಿದೆ, ಅದರ ಎಷ್ಟೋ ಭಾಗವನ್ನ ಆಮೇಲೆ ತೆಗೆದುಹಾಕಿದರು. ಆದರೆ ಆ ಗಲಾಟೆಯಲ್ಲೇ ಒಂದು ಒಳ್ಳೆಯ ಕಾಳೂ ಸೇರಿಕೊಂಡಿತ್ತು. ಅದು 39ಎ ವಿಧಿ. ಬಡತನ ಅಥವಾ ಬೇರೆ ಕೊರತೆಯ ಕಾರಣಕ್ಕೆ ಯಾವ ನಾಗರಿಕನಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಅನ್ನೋದು ಅದರ ಸಾರ.

ಆದರೆ ಇದು ರಾಜ್ಯನೀತಿಯ ನಿರ್ದೇಶಕ ತತ್ವ. ಜಾರಿ ಮಾಡಿ ಅಂತ ಇದನ್ನೇ ಹಿಡಿದು ಕೋರ್ಟಿಗೆ ಹೋಗೋಕೆ ಆಗಲ್ಲ. ಅದನ್ನ ಹಕ್ಕು ಅಂತ ಮಾಡಿದ್ದು ಸುಪ್ರೀಂ ಕೋರ್ಟು. ಅದರಲ್ಲಿ ಮುಖ್ಯವಾದ ಒಂದು ಮೊಕದ್ದಮೆಗೆ ನಮ್ಮ ಧಾರವಾಡದ ನಂಟಿದೆ ಅಂದ್ರೆ ಆಶ್ಚರ್ಯ ಪಡ್ತೀರಿ.

1978ರ ಹೊಸ್ಕೋಟ್ ಮೊಕದ್ದಮೆ. ಆರೋಪಿ ಒಬ್ಬ ಡಾಕ್ಟರೇಟ್ ಪಡೆದ ಅಧ್ಯಾಪಕ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಸುಳ್ಳು ಮೊಹರು ಮಾಡಿಸೋಕೆ ಮುಂಬೈನ ಬ್ಲಾಕ್ ಮಾಡುವವರ ಹತ್ತಿರ ಹೋಗಿ ಸಿಕ್ಕಿಬಿದ್ದ. ಕೆಳಗಿನ ಕೋರ್ಟು ಕೊಟ್ಟಿದ್ದು ಆ ದಿನ ಕೋರ್ಟು ಏಳೋ ತನಕ ಕೂರೋ ಹೆಸರಿಗಷ್ಟೇ ಶಿಕ್ಷೆ. ಹೈಕೋರ್ಟು ಅದನ್ನ ಮೂರು ವರ್ಷಕ್ಕೆ ಏರಿಸಿತು. ಅವನು ಸುಪ್ರೀಂ ಕೋರ್ಟಿಗೆ ಬರೋ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಯಾಕಯ್ಯಾ ಇಷ್ಟು ತಡ ಅಂದರೆ, ತೀರ್ಪಿನ ನಕಲು ನನ್ನ ಕೈಗೆ ಬರಲೇ ಇಲ್ಲ ಅಂದ. ನಕಲು ಜೈಲಿಗೆ ಹೋಗಿತ್ತು, ಆದರೆ ಕೈದಿಯ ಕೈಗೆ ಮುಟ್ಟಿದ್ದಕ್ಕೆ ಸಹಿ ಇರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನ ಅರ್ಜಿಯನ್ನ ತಳ್ಳಿಹಾಕಿದರು. ಜೊತೆಗೇ ಇಡೀ ದೇಶಕ್ಕೆ ಅನ್ವಯ ಆಗೋ ಮಾತು ಬರೆದರು: ಕೈದಿಗೆ ತೀರ್ಪಿನ ನಕಲು ಪುಕ್ಕಟೆ ಕೊಡಬೇಕು, ಮೇಲ್ಮನವಿ ಹಾಕೋಕೆ ಶಕ್ತಿ ಇಲ್ಲದವನಿಗೆ ವಕೀಲರನ್ನೂ ಕೊಡಬೇಕು. ಸುಳ್ಳು ಮೊಹರು ಮಾಡಿಸೋಕೆ ಹೋದವನ ಕೇಸಿನಿಂದ ನಿಜವಾದ ಹಕ್ಕೊಂದು ಹುಟ್ಟಿತು.

ಮುಂದಿನ ವರ್ಷ, 1979ರಲ್ಲಿ, ಬಿಹಾರದ ಹುಸೈನಾರಾ ಖಾತೂನ್ ಪ್ರಕರಣ. ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೀತಿದ್ದವರ ವಿಚಾರ. ಉಚಿತ ಕಾನೂನು ಸೇವೆ 21ನೇ ವಿಧಿಯ ಜೀವಿಸುವ ಹಕ್ಕಿನ ಒಳಗೇ ಇದೆ ಅಂತ ನ್ಯಾಯಮೂರ್ತಿ ಭಗವತಿ ಹೇಳಿದರು. 1986ರಲ್ಲಿ ಸುಕ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರೋಪಿ ವಕೀಲರು ಬೇಕು ಅಂತ ಕೇಳಲಿಲ್ಲ ಅನ್ನೋದು ನೆಪ ಆಗೋ ಹಾಗಿಲ್ಲ, ಹಕ್ಕು ಇದೆ ಅಂತ ಅವನಿಗೆ ಹೇಳೋದೇ ಕೋರ್ಟಿನ ಕೆಲಸ ಅಂತ ತೀರ್ಮಾನ ಕೊಟ್ಟಿತು.

ಹಕ್ಕು ಬಂತು. ಹಕ್ಕಿಗೆ ದುಡ್ಡು ಕೊಡೋ ಸಂಸ್ಥೆ? 1980ರಲ್ಲಿ ಭಗವತಿ ಅವರ ನೇತೃತ್ವದಲ್ಲಿ ಕೇಂದ್ರ ಒಂದು ಅನುಷ್ಠಾನ ಸಮಿತಿ ಮಾಡಿತು, ರಾಜ್ಯಗಳಲ್ಲಿ ಕಾನೂನು ನೆರವು ಮಂಡಳಿಗಳು ಅದರ ಮಾರ್ಗದರ್ಶನದಲ್ಲಿ ಕೆಲಸ ಮಾಡಿದವು. 1982ರ ಮಾರ್ಚ್‌ನಲ್ಲಿ ಗುಜರಾತಿನ ಉನಾದಲ್ಲಿ ಮೊದಲ ಲೋಕ ಅದಾಲತ್ ನಡೆಯಿತು. ಇದೆಲ್ಲ ನಡೆದದ್ದು ಸರ್ಕಾರದ ಆದೇಶದ ಮೇಲೆ. ಶಾಸನದ ಬಲ ಇರಲಿಲ್ಲ.

ಆಮೇಲೆ ಬಂತು 1987.

ಆ ವರ್ಷ ಎರಡು ಘಟನೆ ಆದವು. ಒಂದು, ಶ್ರೀನಿವಾಸ ರಾಘವಾಚಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನಮ್ಮ ಭೂ ನ್ಯಾಯಮಂಡಳಿಗಳಲ್ಲಿ ವಕೀಲರನ್ನ ನಿಷೇಧಿಸಿದ್ದ ಆ 48(8)ನೇ ಉಪಕಲಮನ್ನ ರದ್ದು ಮಾಡಿತು. ವಕೀಲಿ ವೃತ್ತಿಯ ಬಗ್ಗೆ ಕಾನೂನು ಮಾಡೋ ಅಧಿಕಾರ ಸಂಸತ್ತಿನದು, ರಾಜ್ಯ ವಿಧಾನಮಂಡಲ ಹೀಗೆ ಬಾಗಿಲು ಹಾಕೋ ಹಾಗಿಲ್ಲ ಅನ್ನೋದು ಕಾರಣ. ಎರಡು, ಅದೇ ವರ್ಷ ಸಂಸತ್ತು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಮಾಡಿತು. ಒಂದೇ ವರ್ಷದಲ್ಲಿ ಹಳೇ ದಾರಿ ಮುಚ್ಚಿತು, ಹೊಸ ದಾರಿ ತೆರೆಯಿತು. ಹೊಸ ದಾರಿಗೆ ಟಾರು ಹಾಕೋಕೆ ಮಾತ್ರ ಎಂಟು ವರ್ಷ ಹಿಡಿಯಿತು! 1994ರಲ್ಲಿ ತಿದ್ದುಪಡಿ ಆಗಿ, 1995ರ ನವೆಂಬರ್ 9ರಂದು ಕಾನೂನು ಜಾರಿಗೆ ಬಂತು. ಪ್ರತಿ ವರ್ಷ ನವೆಂಬರ್ 9ಕ್ಕೆ ಕಾನೂನು ಸೇವೆಗಳ ದಿನ ಅಂತ ಶಾಲಾ ಮಕ್ಕಳ ಜಾಥಾ ನೋಡ್ತೀರಲ್ಲ, ಅದು ಈ ದಿನದ ನೆನಪಿಗೆ.

ಈಗ ಕುರ್ಚಿಗಳ ವಿಚಾರಕ್ಕೆ ಬರೋಣ. ಈ ಕಾನೂನು ನಾಲ್ಕು ಮೆಟ್ಟಿಲು ಕಟ್ಟಿತು. ಮೇಲೆ ರಾಷ್ಟ್ರೀಯ ಪ್ರಾಧಿಕಾರ, ಅದರ ಪ್ರಧಾನ ಪೋಷಕರು ಭಾರತದ ಮುಖ್ಯ ನ್ಯಾಯಮೂರ್ತಿ, ಕಾರ್ಯನಿರ್ವಾಹಕ ಅಧ್ಯಕ್ಷರು ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ. ಅದರ ಕೆಳಗೆ ರಾಜ್ಯ ಪ್ರಾಧಿಕಾರ. ನಮ್ಮದು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ದಲ್ಲಿದೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪೋಷಕರು, ಇನ್ನೊಬ್ಬ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಕಾರ್ಯನಿರ್ವಾಹಕ ಅಧ್ಯಕ್ಷರು. ಅದರ ಕೆಳಗೆ ಜಿಲ್ಲಾ ಪ್ರಾಧಿಕಾರ, ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಕೊನೆಯ ಮೆಟ್ಟಿಲು ತಾಲ್ಲೂಕು ಸಮಿತಿ. ಅಲ್ಲಿ ಕೆಲಸ ಮಾಡ್ತಿರೋ ಹಿರಿಯ ನ್ಯಾಯಾಧೀಶರೇ ಅದಕ್ಕೆ ಅಧ್ಯಕ್ಷರು. ಕೊಪ್ಪದ ಆ ಹೆಣ್ಣುಮಗಳು ಹೋಗಬೇಕಾದ್ದು ಪಿರಿಯಾಪಟ್ಟಣದ ಈ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ.

ಮೇಲಿಂದ ಕೆಳಗಿನ ತನಕ ಚುಕ್ಕಾಣಿ ನ್ಯಾಯಾಧೀಶರ ಕೈಯಲ್ಲಿ. ಯಾಕೆ?

ಇದಕ್ಕೆ ಗಟ್ಟಿ ಕಾರಣ ಇದೆ, ಅದನ್ನ ಹಗುರವಾಗಿ ತಗೋಬಾರದು. ನಮ್ಮ ದೇಶದಲ್ಲಿ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಹೆಗ್ಗಡದೇವನಕೋಟೆ, ಹುಣಸೂರು ಕಡೆ ಬನ್ನಿ. ನಾಗರಹೊಳೆ ಕಾಡಿನಿಂದ ಹೊರಗೆ ಬಂದ ಆದಿವಾಸಿಗಳ ಸ್ಥಿತಿ ನೋಡೋಕೆ ಹೈಕೋರ್ಟು ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರ ಸಮಿತಿ ಮಾಡಿತ್ತು. 2014ರಲ್ಲಿ ಬಂದ ಅದರ ವರದಿ ಲೆಕ್ಕ ಹಾಕಿದ್ದು 3,418 ಕುಟುಂಬ. ಜೇನುಕುರುಬರು, ಬೆಟ್ಟಕುರುಬರು, ಯರವರು. ಇವರಲ್ಲಿ ಯಾರಾದರೂ ಕೋರ್ಟಿಗೆ ಹೋದರೆ ಎದುರಾಳಿ ಯಾರು? ಅರಣ್ಯ ಇಲಾಖೆ, ಕಂದಾಯ ಇಲಾಖೆ. ಅಂದರೆ ಸರ್ಕಾರ. ಸರ್ಕಾರದ ಮೇಲೆ ಕೇಸು ಹಾಕೋಕೆ ವಕೀಲರನ್ನ ಕೊಡಿ ಅಂತ ಸರ್ಕಾರಿ ಅಧಿಕಾರಿಯ ಹತ್ತಿರವೇ ಕೇಳಬೇಕಾದರೆ ಹೇಗಿರುತ್ತೆ? ಕೋಳಿ ಕಳೆದುಹೋಯ್ತು ಅಂತ ನರಿ ಹತ್ತಿರ ದೂರು ಕೊಟ್ಟ ಹಾಗೆ. ಆದ್ದರಿಂದ ಥೈಲಿ ಸರ್ಕಾರದ ದುಡ್ಡಿನಿಂದ ತುಂಬಲಿ, ಆದರೆ ಅದರ ದಾರ ನ್ಯಾಯಾಧೀಶರ ಕೈಯಲ್ಲಿರಲಿ ಅಂತ ಕಾನೂನು ತೀರ್ಮಾನಿಸಿತು.

ಹೊರಗಿನ ದೇಶಗಳನ್ನ ನೋಡಿದರೆ ಈ ತೀರ್ಮಾನದ ಬೆಲೆ ಗೊತ್ತಾಗುತ್ತೆ. ಇಂಗ್ಲೆಂಡಿನಲ್ಲಿ 1949ರಲ್ಲಿ ಕಾನೂನು ನೆರವಿನ ಶಾಸನ ಬಂದಾಗ ಉಸ್ತುವಾರಿ ವಕೀಲರ ಸಂಘಕ್ಕೇ ಹೋಯಿತು. ಆಮೇಲೆ ಮಂಡಳಿ ಬಂತು, ಆಯೋಗ ಬಂತು. 2013ರಲ್ಲಿ ಆಯೋಗವನ್ನೇ ಮುಚ್ಚಿ ನ್ಯಾಯ ಸಚಿವಾಲಯದ ಕೆಳಗಿನ ಏಜೆನ್ಸಿ ಮಾಡಿದರು. ಅದೇ ಹೊತ್ತಿಗೆ ಕುಟುಂಬ, ಮನೆ, ಪಿಂಚಣಿ ತಕರಾರುಗಳಲ್ಲಿ ಬಹುಪಾಲನ್ನ ನೆರವಿನ ಪಟ್ಟಿಯಿಂದ ಹೊರಗಿಟ್ಟರು. ಥೈಲಿ ಸಚಿವಾಲಯದ ಕೈಗೆ ಹೋದ ಮೇಲೆ ದಾರ ಬಿಗಿಯಾಯಿತು.

ಅಮೆರಿಕದಲ್ಲಿ ಬೇರೆ ಪ್ರಯೋಗ. ನಮ್ಮಲ್ಲಿ ಭೂಸುಧಾರಣೆ ಜಾರಿಗೆ ಬಂದ ಅದೇ 1974ರಲ್ಲಿ, ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡೋದಕ್ಕೆ ಎರಡು ವಾರ ಮುಂಚೆ, ಕಾನೂನು ಸೇವೆಗಳ ನಿಗಮದ ಮಸೂದೆಗೆ ಸಹಿ ಹಾಕಿದರು. ಹನ್ನೊಂದು ಜನರ ಮಂಡಳಿ. ನೇಮಕ ಮಾಡೋದು ಅಧ್ಯಕ್ಷರು, ಒಪ್ಪಬೇಕಾದ್ದು ಸೆನೆಟ್, ಒಂದೇ ಪಕ್ಷದವರು ಆರಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಅಷ್ಟಾದರೂ ರಾಜಕೀಯ ಬಿಡಲಿಲ್ಲ. ರೇಗನ್ ಅಧ್ಯಕ್ಷರಾದಾಗ ಇದಕ್ಕೆ ಒಂದು ಡಾಲರೂ ಬೇಡ ಅಂತ ಪ್ರಸ್ತಾಪ ಇಟ್ಟರು. ಸಂಸತ್ತು ಉಳಿಸಿತು. 1996ರಲ್ಲಿ ಅದೇ ಸಂಸತ್ತು, ನಮ್ಮ ದುಡ್ಡು ತಗೊಂಡೋರು ಬಡವರ ಪರ ಸಾಮೂಹಿಕ ಮೊಕದ್ದಮೆ ಹಾಕೋ ಹಾಗಿಲ್ಲ ಅಂತ ಷರತ್ತು ಹಾಕಿತು.

ಹೀಗಾಗಿ ನ್ಯಾಯಾಧೀಶರ ಕೈಗೆ ಕೊಟ್ಟ ನಮ್ಮ ಏರ್ಪಾಡು ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಅಮೆರಿಕದವರ ಕಾನೂನಿನಲ್ಲಿ ಇನ್ನೊಂದು ಸಾಲಿದೆ. ಊರೂರಲ್ಲಿ ಆ ನಿಗಮದ ದುಡ್ಡು ತಗೊಂಡು ನೆರವು ಕೊಡೋ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಮೂರನೇ ಒಂದು ಭಾಗದಷ್ಟು ಜನ ಆ ನೆರವಿಗೆ ಅರ್ಹರಾದ ಬಡವರೇ ಆಗಿರಬೇಕು. ಫಲಾನುಭವಿಗೆ ಕುರ್ಚಿ! ನಮ್ಮ ಅಧಿನಿಯಮದಲ್ಲಿ ಇಂಥ ಸಾಲು ಇಲ್ಲ. ರಾಷ್ಟ್ರೀಯ ಪ್ರಾಧಿಕಾರದ 1995ರ ನಿಯಮಗಳು ಸದಸ್ಯರ ಅರ್ಹತೆ ಹೇಳುತ್ತವೆ: ಕಾನೂನು ಕ್ಷೇತ್ರದ ಗಣ್ಯರು, ಕಾನೂನು ಸೇವೆಯಲ್ಲಿ ಆಸಕ್ತಿ ಇರುವ ಹೆಸರಾಂತ ವ್ಯಕ್ತಿ, ದುರ್ಬಲ ವರ್ಗದವರ ಏಳಿಗೆಗೆ ದುಡಿಯುವ ಗಣ್ಯ ಸಮಾಜ ಸೇವಕರು. ಬಡವರ ಪರವಾಗಿ ದುಡಿಯುವವರಿಗೆ ಜಾಗ ಇದೆ. ಬಡವರೇ ಬಂದು ಕೂರೋಕೆ ಜಾಗ ಇಡಬೇಕು ಅಂತ ಬರೆದಿಲ್ಲ.

ನೋಡಿ, ನಾನು ಓದಿದ್ದು ಎಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಮೊದಲ ವಾರವೇ ಹೇಳಿಕೊಡೋ ವಿಚಾರ ಒಂದಿದೆ. ಮನೆ ಮೇಲಿನ ಟ್ಯಾಂಕಿಗೆ ಮೋಟರ್ ಹಾಕ್ತೀರಿ. ಟ್ಯಾಂಕು ತುಂಬಿದೆ ಅಂತ ಮೋಟರಿಗೆ ತಿಳಿಸೋ ಸೆನ್ಸರ್ ಇಲ್ಲದಿದ್ದರೆ ನೀರು ಚೆಲ್ಲಿ ಹೋಗುತ್ತೆ, ಅಥವಾ ಟ್ಯಾಂಕು ಖಾಲಿ ಇರುವಾಗಲೇ ಮೋಟರ್ ನಿಂತಿರುತ್ತೆ. ಮೋಟರ್ ಎಷ್ಟೇ ಒಳ್ಳೇ ಕಂಪನಿಯದಾಗಿರಲಿ, ಕೊನೆಯಲ್ಲಿ ಏನಾಯಿತು ಅನ್ನೋ ಸುದ್ದಿ ವಾಪಸ್ ಬರದಿದ್ದರೆ ಪ್ರಯೋಜನ ಇಲ್ಲ. ನಮ್ಮ ಕಾನೂನು ನೆರವಿನ ವ್ಯವಸ್ಥೆಯಲ್ಲಿ ಮೋಟರ್ ಇದೆ, ಪೈಪ್ ಇದೆ. ಸೆನ್ಸರ್ ಆಗಬೇಕಾದ್ದು ಕಕ್ಷಿದಾರ. ಅವನನ್ನ ಮೇಜಿನಿಂದ ದೂರ ಇಟ್ಟಿದ್ದೀವಿ.

ಹಾಗಂತ ಲೆಕ್ಕ ಕೇಳೋರೇ ಇಲ್ಲ ಅಂತಲ್ಲ. ರಾಷ್ಟ್ರ, ರಾಜ್ಯ, ಜಿಲ್ಲೆ ಮೂರು ಹಂತದ ಪ್ರಾಧಿಕಾರಗಳ ಲೆಕ್ಕವನ್ನೂ ಸಿಎಜಿ ಪರಿಶೋಧನೆ ಮಾಡಬೇಕು. ಆ ವರದಿ ಸಂಸತ್ತಿನ, ವಿಧಾನಮಂಡಲದ ಮುಂದೆ ಬರಬೇಕು. ರೂಪಾಯಿಯ ಲೆಕ್ಕ ಹೀಗೆ ಸಿಗುತ್ತೆ. ಆದರೆ ಕೊಟ್ಟ ವಕೀಲರು ವಾಯಿದೆಗೆ ಬಂದರಾ? ಕಕ್ಷಿದಾರಳ ಜೊತೆ ಐದು ನಿಮಿಷ ಕೂತು ಮಾತಾಡಿದರಾ? ರಾಜಿ ಮಾಡಿಕೋ ಅಂದಾಗ ಅವಳಿಗೆ ಅರ್ಥ ಆಗೋ ಹಾಗೆ ಹೇಳಿದರಾ? ಇದು ರೂಪಾಯಿ ಲೆಕ್ಕದಲ್ಲಿ ಕಾಣಲ್ಲ.

ಇನ್ನೂ ಒಂದು ಸಂಗತಿ ಇದೆ. ಅಧಿನಿಯಮ ಮೂರು ನಿಧಿ ಮಾಡಿದೆ: ರಾಷ್ಟ್ರೀಯ ನಿಧಿ, ರಾಜ್ಯ ನಿಧಿ, ಜಿಲ್ಲಾ ನಿಧಿ. ತಾಲ್ಲೂಕಿಗೆ ಅಂತ ನಿಧಿ ಇಲ್ಲ. ಮೆಟ್ಟಿಲು ನಾಲ್ಕು, ಥೈಲಿ ಮೂರು. ಜನ ಮೊದಲು ಬಂದು ನಿಲ್ಲೋ ಮೆಟ್ಟಿಲಿಗೇ ಸ್ವಂತ ಥೈಲಿ ಇಲ್ಲ. ಪಿರಿಯಾಪಟ್ಟಣದ ಸಮಿತಿ ಮೈಸೂರಿನ ಕಡೆ ನೋಡಬೇಕು, ಮೈಸೂರು ಬೆಂಗಳೂರಿನ ಕಡೆ. ಅದರ ಮೇಲೆ ತಾಲ್ಲೂಕು ಅಧ್ಯಕ್ಷರಾದ ನ್ಯಾಯಾಧೀಶರಿಗೆ ತಮ್ಮ ಕೋರ್ಟಿನ ಕೇಸುಗಳೇ ರಾಶಿ. ಸಮಿತಿ ಅವರಿಗೆ ಹುದ್ದೆಯ ಜೊತೆಗೆ ಅಂಟಿಕೊಂಡು ಬಂದ ಕೆಲಸ. ಹುಣಸೂರು ಕಾಡಂಚಿನ ಹಾಡಿ ಯಾವುದು, ಯಾರ ತಕರಾರು ಏನು ಅಂತ ತಿಳಿಯೋ ಹೊತ್ತಿಗೆ ವರ್ಗಾವಣೆ ಆದೇಶ ಬಂದಿರುತ್ತೆ. ವ್ಯಕ್ತಿಗಳನ್ನ ದೂರಿ ಪ್ರಯೋಜನ ಇಲ್ಲ, ಏರ್ಪಾಡೇ ಹಾಗಿದೆ.

ಇದೇ ಸಮಿತಿಗಳೇ ಲೋಕ ಅದಾಲತ್ ನಡೆಸಬೇಕು. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲದ ಕೇಸು ಒಂದೇ ದಿನದಲ್ಲಿ ಮುಗಿಯುತ್ತೆ, ಕೋರ್ಟ್ ಫೀಸು ವಾಪಸ್ ಬರುತ್ತೆ, ಇಬ್ಬರೂ ಒಪ್ಪಿದ್ದರೆ ಇದಕ್ಕಿಂತ ಸುಖ ಇನ್ನೇನಿದೆ. ಆದರೆ ಲೋಕ ಅದಾಲತ್ತಿನ ತೀರ್ಮಾನದ ಮೇಲೆ ಅಪೀಲಿಲ್ಲ. ಅದಕ್ಕೇ 2008ರಲ್ಲಿ ಜಲೌರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿತು: ಲೋಕ ಅದಾಲತ್ ತೀರ್ಪು ಹೇಳೋ ಜಾಗ ಅಲ್ಲ, ಎರಡೂ ಕಡೆಯವರ ಒಪ್ಪಿಗೆಯನ್ನ ದಾಖಲಿಸೋ ಜಾಗ. ಎಷ್ಟು ಕೇಸು ಮುಗಿಸಿದಿರಿ ಅನ್ನೋ ಸಂಖ್ಯೆಯೇ ಸಂಸ್ಥೆಯ ಅಂಕಪಟ್ಟಿ ಆದಾಗ, ಬಡವನ ಪರ ಕೊನೆತನಕ ಹೋರಾಡಬೇಕಾದ ಸಂಸ್ಥೆಗೆ ಬೇಗ ಮುಗಿಸೋ ಒತ್ತಡವೂ ಬರುತ್ತೆ. ನಮ್ಮ ಚಾನೆಲ್‌ಗಳೂ ಅದಾಲತ್ ದಿನ ಸಂಖ್ಯೆ ಮಾತ್ರ ಓದ್ತೀವಿ. ಸಹಿ ಹಾಕಿದವರಿಗೆ ಅರ್ಥ ಆಗಿತ್ತಾ ಅಂತ ಕೇಳಲ್ಲ.

ಕುರ್ಚಿ ಕೊಡೋದು ಆಗದ ಮಾತಾ? ಆಗುತ್ತೆ ಅನ್ನೋಕೆ ಇದೇ ನಾಲ್ಕು ತಾಲ್ಲೂಕುಗಳಲ್ಲಿ ಸಾಕ್ಷಿ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಎಲ್ಲವೂ ಹುಣಸೂರು ಉಪವಿಭಾಗಕ್ಕೆ ಸೇರಿದವು. 1974ರ ಕಾನೂನು ಎಸಿ ಸಾಹೇಬ್ರ ಪಕ್ಕದಲ್ಲಿ ಒಂದು ಕುರ್ಚಿ ಪರಿಶಿಷ್ಟರಿಗೆ ಅಂತ ಇಟ್ಟಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೂ ಅದೇ ಕೆಲಸ ಮಾಡಿವೆ. ಉಪವಿಭಾಗ ಮಟ್ಟದ ಸಮಿತಿಗೆ ಅಧ್ಯಕ್ಷರು ಎಸಿ, ಜೊತೆಗೆ ಮೂವರು ಪಂಚಾಯಿತಿ ಸದಸ್ಯರು, ಅವರಲ್ಲಿ ಇಬ್ಬರಾದರೂ ಪರಿಶಿಷ್ಟ ಪಂಗಡದವರು, ಒಬ್ಬರು ಮಹಿಳೆ. ಭೂಮಿ ಹಂಚೋ ಮೇಜಿನಲ್ಲಿ ಕುರ್ಚಿ ಇತ್ತು. ಕಾಡಿನ ಹಕ್ಕು ಕೊಡೋ ಮೇಜಿನಲ್ಲಿ ಕುರ್ಚಿ ಇದೆ. ವಕೀಲರನ್ನ ಕೊಡೋ ಮೇಜಿನಲ್ಲಿ ಮಾತ್ರ ಯಾಕಿಲ್ಲ?

ಕುರ್ಚಿ ಕೊಟ್ಟ ತಕ್ಷಣ ಎಲ್ಲ ಸರಿ ಹೋಗುತ್ತೆ ಅಂತ ನಾನು ಹೇಳಲ್ಲ. ಭೂ ನ್ಯಾಯಮಂಡಳಿಗಳ ಸದಸ್ಯರನ್ನ ಸರ್ಕಾರವೇ ನೇಮಿಸ್ತಿತ್ತು, ಆಳುವ ಪಕ್ಷದವರೇ ತುಂಬಿಕೊಂಡರು ಅನ್ನೋ ಟೀಕೆ ಆಗಲೇ ಇತ್ತು. ಆದ್ದರಿಂದ ಅಧ್ಯಕ್ಷತೆ ನ್ಯಾಯಾಧೀಶರ ಹತ್ತಿರವೇ ಇರಲಿ, ಅದನ್ನ ಯಾರೂ ಮುಟ್ಟೋದು ಬೇಡ. ಪ್ರತಿ ತಾಲ್ಲೂಕು ಸಮಿತಿಯಲ್ಲಿ, ಅದೇ ಸಮಿತಿಯಿಂದ ನೆರವು ಪಡೆದು ಕೇಸು ಮುಗಿಸಿಕೊಂಡ ಇಬ್ಬರಿಗೆ, ಅದರಲ್ಲಿ ಒಬ್ಬ ಹೆಣ್ಣುಮಗಳಿಗೆ ಜಾಗ ಕೊಡಿ. ಪ್ಯಾನೆಲ್ ವಕೀಲರ ಹೆಸರು, ಈ ವರ್ಷ ಬಂದ ಅರ್ಜಿ, ಒಪ್ಪಿದ್ದೆಷ್ಟು, ತಿರಸ್ಕರಿಸಿದ್ದೆಷ್ಟು, ಖರ್ಚೆಷ್ಟು, ಇಷ್ಟನ್ನ ಕನ್ನಡದಲ್ಲಿ ಒಂದು ಬೋರ್ಡಿನ ಮೇಲೆ ಬರೆದು ಕೋರ್ಟಿನ ಬಾಗಿಲಲ್ಲೂ ಗ್ರಾಮ ಪಂಚಾಯಿತಿಯಲ್ಲೂ ಹಾಕಿ. ಕೇಸು ಮುಗಿದ ಮೇಲೆ ಕಕ್ಷಿದಾರರನ್ನ ಒಂದು ಸಲ ಕೇಳಿ, ಏನಾಯಿತು ತಾಯಿ ಅಂತ. ತಾಲ್ಲೂಕಿಗೂ ಒಂದು ಸಣ್ಣ ಥೈಲಿ ಕೊಡಿ. ಥೈಲಿ ವಿಚಾರಕ್ಕೆ ಸಂಸತ್ತಿನಲ್ಲಿ ತಿದ್ದುಪಡಿ ಬೇಕಾಗಬಹುದು. ಬೋರ್ಡು ಬರೆಸೋಕೆ ಬಣ್ಣ, ಬ್ರಷ್ಷು ಸಾಕು.

ಅದೆಲ್ಲ ಆಗೋ ತನಕ ಇರೋ ಹಕ್ಕನ್ನಾದರೂ ಬಳಸಿ. 12ನೇ ಕಲಮನ್ನ ಮನೆಯಲ್ಲಿ ಎಲ್ಲರಿಗೂ ಹೇಳಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನೆರೆ ಬರಕ್ಕೆ ಸಿಕ್ಕಿದವರು, ಪೊಲೀಸ್ ಅಥವಾ ಜೈಲಿನ ವಶದಲ್ಲಿರೋರು, ಇವರಿಗೆಲ್ಲ ಆದಾಯದ ಮಿತಿ ಇಲ್ಲ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯ ಮಿತಿ. ಆದಾಯದ ಬಗ್ಗೆ ನೀವು ಕೊಡೋ ಪ್ರಮಾಣಪತ್ರವನ್ನೇ ಸಾಕು ಅಂತ ಒಪ್ಪಬಹುದು, ಅನುಮಾನ ಇದ್ದರೆ ಮಾತ್ರ ಬೇರೆ ಮಾತು. ಸಂವಿಧಾನದ 39ಎ ವಿಧಿ ನಾಗರಿಕ ಅನ್ನುತ್ತೆ, ಆದರೆ ಈ 12ನೇ ಕಲಮು ‘ಪ್ರತಿಯೊಬ್ಬ ವ್ಯಕ್ತಿ’ ಅನ್ನುತ್ತೆ. 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ಬದುಕ್ತಿರೋ ಬೈಲಕುಪ್ಪೆಯ ಪಕ್ಕದ ಕೊಪ್ಪದಲ್ಲಿ ಆ ಒಂದು ಪದದ ವ್ಯತ್ಯಾಸ ಸಣ್ಣದಲ್ಲ.

ನಿಮಗೆ ಕೊಟ್ಟ ಪ್ಯಾನೆಲ್ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳೋ ಹಾಗಿಲ್ಲ, ಅವರಿಗೆ ಫೀಸು ಕೊಡೋದು ಸಂಸ್ಥೆ. ಕೇಳಿದರೆ ಅಧ್ಯಕ್ಷರಿಗೆ ಬರೆದುಕೊಡಿ. ಅರ್ಜಿ ತಿರಸ್ಕಾರ ಆದರೆ ಅದರ ಮೇಲೂ ಮೇಲ್ಮನವಿ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ.

ಇದನ್ನ ಯಾರೂ ನಮಗೆ ದಾನ ಕೊಡ್ತಿಲ್ಲ. ಥೈಲಿಯಲ್ಲಿರೋದು ನಮ್ಮದೇ ತೆರಿಗೆ ದುಡ್ಡು. ದಾನ ತಗೊಳ್ಳೋರು ಬಾಗಿಲಲ್ಲಿ ನಿಲ್ತಾರೆ. ಪಾಲುದಾರರು ಒಳಗೆ ಬಂದು ಕೂತು ಲೆಕ್ಕ ಕೇಳ್ತಾರೆ. ಹುಣಸೂರಿನಲ್ಲಿ 1974ರಲ್ಲಿ ಒಂದು ಕುರ್ಚಿ ಹಾಕಿದ್ದ ನಾಡು ಇದು, ಪಿರಿಯಾಪಟ್ಟಣದಲ್ಲಿ ಇನ್ನೊಂದು ಹಾಕೋಕೆ ಜಾಗ ಇಲ್ಲದೆ ಏನಿಲ್ಲ.